ಖಾಲಿ ಪುಸ್ತಕ ನೋಡಿ ಸಮಾಧಾನಪಟ್ಟಿದ್ದೆ

ತಿ. ನರಸೀಪುರದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು, ಕೂಸಿನ ಮನೆಯ (ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರ) ಕೇರ್‌ಟೇಕರ್‌ಗಳು ಮತ್ತು ಡೇ ಕೇರ್ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ.

ಈ ಊರಿಗೆ ಬಂದು ಮಕ್ಕಳನ್ನು ನೋಡಿಕೊಳ್ಳುವ ಬಗ್ಗೆ ಮಾತಾಡುವುದಕ್ಕೆ ನನಗೆ ಸ್ವಲ್ಪ ಸಂಕೋಚವೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಇದೇ ತಾಲ್ಲೂಕನ್ನು. ಇವತ್ತು ರಾಜ್ಯದಲ್ಲಿ 60,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಮೊದಲನೆಯವು ಇಲ್ಲಿನವು. ನಿಮ್ಮಲ್ಲಿ ಕೆಲವರ ಅಮ್ಮನೋ ಅತ್ತೆಯೋ ಆಗ ಕೆಲಸ ಮಾಡಿದವರಿರಬಹುದು. ಹಾಗಾಗಿ ನಾನು ಪಾಠ ಹೇಳಲು ಬಂದಿಲ್ಲ. ನನ್ನಿಂದ ಆದ ಒಂದು ತಪ್ಪನ್ನು ಹೇಳಲು ಬಂದಿದ್ದೇನೆ. ಅದನ್ನು ಹೇಳಿದರೆ ಉಳಿದ ಮಾತು ತಾನಾಗಿ ಬರುತ್ತದೆ.

ನಾನು ಈ ಕೆಲಸಕ್ಕೆ ಬಂದು 22 ವರ್ಷ ಆಯಿತು. ಮೊದಲು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಕ್ರೆಶ್‌ನಲ್ಲಿ, ಅಂದರೆ ಕೆಲಸದವರ ಕೂಸುಗಳನ್ನು ನೋಡಿಕೊಳ್ಳುವ ಜಾಗದಲ್ಲಿ, ಆಯಾ ಆಗಿದ್ದೆ. ಆಮೇಲೆ ಮೈಸೂರಿಗೆ ಬಂದು ಒಂದು ಬಾಡಿಗೆ ಮನೆಯಲ್ಲಿ ಡೇ ಕೇರ್ ಶುರು ಮಾಡಿದೆ. ಎರಡನೇ ವರ್ಷ ಇರಬೇಕು. ಒಂಬತ್ತು ತಿಂಗಳ ಒಂದು ಮಗು ಮಂಚದ ಮೇಲಿಂದ ಬಿತ್ತು. ತುಂಬಾ ಎತ್ತರವೇನಲ್ಲ. ನಮ್ಮ ಆಯಮ್ಮ ಎತ್ತಿಕೊಂಡು ಸಮಾಧಾನ ಮಾಡಿದರು, ಹಾಲು ಕುಡಿಸಿದರು, ಮಗು ಸುಮ್ಮನಾಯಿತು. ಆದರೆ ಯಾರಿಗೂ ಹೇಳಲಿಲ್ಲ. ಸಂಜೆ ಆರು ಗಂಟೆಗೆ ಮಗುವಿನ ತಾಯಿ ಬಂದು, ಟೋಪಿ ತೆಗೆದು, ತಲೆಯ ಹಿಂದೆ ನಿಂಬೆಹಣ್ಣಿನಷ್ಟು ಊದಿದ್ದನ್ನು ನೋಡಿದರು. ಆ ತಾಯಿ ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ದೇವರು ದೊಡ್ಡವನು, ಮಗುವಿಗೆ ಏನೂ ಆಗಲಿಲ್ಲ.

ಮಾರನೇ ದಿನ ಆಯಮ್ಮನನ್ನು ಎಲ್ಲರ ಮುಂದೆ ಬೈದೆ. ಆ ತಿಂಗಳ ಲೆಕ್ಕ ಚುಕ್ತಾ ಮಾಡಿ ಕಳಿಸಿಬಿಟ್ಟೆ. ಒಂದು ಪುಸ್ತಕ ತಂದಿಟ್ಟೆ. ಯಾವ ಮಗುವಿಗೆ ಏನೇ ಆದರೂ, ಬಿದ್ದರೂ, ತರಚಿದರೂ, ಇನ್ನೊಂದು ಮಗು ಕಚ್ಚಿದರೂ, ಇದರಲ್ಲಿ ಬರೆಯಬೇಕು ಎಂದೆ. ಆರು ತಿಂಗಳು ಆ ಪುಸ್ತಕದಲ್ಲಿ ಒಂದು ಸಾಲೂ ಬರಲಿಲ್ಲ. ನಾನು ಸಮಾಧಾನಪಟ್ಟೆ. ಎಲ್ಲರೂ ಈಗ ಹುಷಾರಾಗಿದ್ದಾರೆ ಅಂದುಕೊಂಡೆ.

ಒಂದು ದಿನ ಅಡುಗೆಮನೆಯಲ್ಲಿ ಇಬ್ಬರು ಮಾತಾಡುವುದು ಕಿವಿಗೆ ಬಿತ್ತು. ಎರಡು ತಿಂಗಳ ಹಿಂದೆ, ಎರಡು ವರ್ಷದ ಒಂದು ಮಗುವಿನ ಗಂಟಲಿಗೆ ಕಡಲೆಕಾಯಿ ಬೀಜ ಸಿಕ್ಕಿಕೊಂಡು, ಮುಖ ನೀಲಿಗಟ್ಟಿ, ಬೆನ್ನಿಗೆ ಗುದ್ದಿದ ಮೇಲೆ ಹೊರಗೆ ಬಂದಿತ್ತಂತೆ. ನಾನು ಆಗ ಪಕ್ಕದ ಕೋಣೆಯಲ್ಲೇ ಇದ್ದೆ. ನನಗೆ ಗೊತ್ತೇ ಆಗಿರಲಿಲ್ಲ. ಇನ್ನೂ ಭಯದ ವಿಷಯ ಏನೆಂದರೆ, ಆಮೇಲೂ ಎರಡು ತಿಂಗಳು ನಮ್ಮಲ್ಲಿ ಮಕ್ಕಳ ತಟ್ಟೆಗೆ ಇಡೀ ಕಡಲೆಕಾಯಿ ಬೀಜ ಬೀಳುತ್ತಲೇ ಇತ್ತು. ಯಾಕೆಂದರೆ ನಿಲ್ಲಿಸಿ ಅಂತ ಹೇಳಬೇಕಾದರೆ, ನಡೆದದ್ದನ್ನು ಹೇಳಬೇಕಿತ್ತು. ನಡೆದದ್ದನ್ನು ಹೇಳಿದರೆ ಕೆಲಸ ಹೋಗುತ್ತದೆ ಎಂದು ನಾನೇ ಅವರಿಗೆ ತೋರಿಸಿಕೊಟ್ಟಿದ್ದೆ.

34 ಮಕ್ಕಳು ದಿನಕ್ಕೆ ಒಂಬತ್ತು ಗಂಟೆ ಇರುವ ಜಾಗದಲ್ಲಿ ಆರು ತಿಂಗಳು ಯಾರೂ ಬೀಳದೇ ಇರುತ್ತಾರಾ? ನಮ್ಮ ಮನೆಯಲ್ಲಿ ಒಂದೇ ಮಗು ಇದ್ದರೂ ವಾರಕ್ಕೆ ನಾಲ್ಕು ಸಲ ಬೀಳುತ್ತದೆ, ಅಲ್ವಾ? ಖಾಲಿ ಪುಸ್ತಕ ಎಂದರೆ ಅಪಾಯ ಇಲ್ಲ ಅಂತ ಅಲ್ಲ. ಅಪಾಯ ನನ್ನವರೆಗೆ ಬರುತ್ತಿಲ್ಲ ಅಂತ. ಮಕ್ಕಳ ಸುರಕ್ಷತೆ ಬೇರೆ, ಕೆಲಸದವರ ಯೋಗಕ್ಷೇಮ ಬೇರೆ ಅಂದುಕೊಂಡಿದ್ದ ನಾನು, ಅವೆರಡೂ ಒಂದೇ ಅಂತ ಕಲಿತದ್ದು ಆ ದಿನ ಆ ಅಡುಗೆಮನೆಯ ಬಾಗಿಲಲ್ಲಿ. ಕಳಿಸಿದ್ದ ಆಯಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ವಾಪಸ್ ಬರಲಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತ್ತು.

ಗಂಟಲಿಗೆ ಸಿಕ್ಕಿಕೊಳ್ಳುವ ವಿಷಯ ಬಂದಿದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ. ಇದನ್ನು ಕೇಳಿ ಬಿಡಬೇಡಿ, ಕೈಯಲ್ಲಿ ಮಾಡಿ ಕಲಿಯಬೇಕು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಬೆನ್ನು ತಟ್ಟಬೇಡಿ, ನೀರು ಕುಡಿಸಬೇಡಿ. ಕೆಮ್ಮಲು, ಅಳಲು, ಉಸಿರಾಡಲು ಆಗುತ್ತಿಲ್ಲ ಎಂದರೆ ಮಾತ್ರ ಮುಂದಿನ ಕೆಲಸ. ಒಂದು ವರ್ಷದೊಳಗಿನ ಕೂಸಾದರೆ ಮುಂಗೈ ಮೇಲೆ ಬೋರಲಾಗಿ, ತಲೆ ಕೆಳಗಿರುವಂತೆ ಮಲಗಿಸಿ, ಎರಡು ಹೆಗಲ ನಡುವೆ ಅಂಗೈ ಬುಡದಿಂದ ಐದು ಸಲ ಹೊಡೆಯಬೇಕು. ಬರದಿದ್ದರೆ ಅಂಗಾತ ತಿರುಗಿಸಿ, ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಬೇಕು. ಮತ್ತೆ ಬೆನ್ನು, ಮತ್ತೆ ಎದೆ. ಒಂದು ವರ್ಷ ದಾಟಿದ ಮಕ್ಕಳಿಗೆ ಬೆನ್ನಿಗೆ ಐದು, ಆಮೇಲೆ ಹಿಂದೆ ನಿಂತು ಹೊಟ್ಟೆಯನ್ನು ಒಳಕ್ಕೆ ಮೇಲಕ್ಕೆ ಐದು ಸಲ ಒತ್ತುವುದು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳು ಹಾಕಿ ತಡಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡುತ್ತಿರಬೇಕು. ಇನ್ನೊಬ್ಬರು ಎಂದೆ, ನೋಡಿ. ಒಬ್ಬರೇ ಇದ್ದರೆ ಇದು ಆಗುವುದಿಲ್ಲ. ಅದಕ್ಕೇ ಮಕ್ಕಳ ಜೊತೆ ಯಾವ ಹೊತ್ತಿನಲ್ಲೂ ಇಬ್ಬರು ದೊಡ್ಡವರು ಇರಲೇಬೇಕು ಎನ್ನುವುದು.

ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ, ಗಟ್ಟಿ ಕೊಬ್ಬರಿ ಚೂರು, ಇವೆಲ್ಲ ಸಣ್ಣ ಮಕ್ಕಳ ಉಸಿರು ಕಟ್ಟಿಸುವಂಥವು. ಬೀಜ ಕೊಡಬೇಕೆಂದರೆ ಪುಡಿ ಮಾಡಿ ಅನ್ನಕ್ಕೋ ಉಂಡೆಗೋ ಕಲಸಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ.

ಇನ್ನೊಂದು ಇದೆ, ಹೇಳಲು ನಾಜೂಕಾದದ್ದು. ಕೂಸುಗಳ ಕೈಗೆ ಬಜೆ ಬಳೆ, ಕರಿಮಣಿ, ಕೊರಳಿಗೆ ದೃಷ್ಟಿ ದಾರ ಕಟ್ಟಿ ಕಳಿಸುತ್ತಾರೆ. ಬಜೆ ಚೂರನ್ನು ಮಗು ಚೀಪಿ ಚೀಪಿ ಕಿತ್ತುಕೊಳ್ಳುತ್ತದೆ. ಕೊರಳ ದಾರ ನಿದ್ದೆಯಲ್ಲಿ ಎಲ್ಲಿಗಾದರೂ ಸಿಕ್ಕಿಕೊಳ್ಳುತ್ತದೆ. ಹಾಗಂತ ಅಜ್ಜಿ ಕಟ್ಟಿದ್ದನ್ನು ಕತ್ತರಿ ತಗೊಂಡು ಕತ್ತರಿಸಿದರೆ ಆ ಮನೆಯವರ ಮನಸ್ಸು ಮುರಿಯುತ್ತದೆ. ನಮ್ಮಲ್ಲಿ ಪ್ರತಿ ಮಗುವಿಗೂ ಹೆಸರು ಬರೆದ ಒಂದು ಡಬ್ಬಿ ಇದೆ. ಬೆಳಿಗ್ಗೆ ಅಮ್ಮನ ಕೈಯಲ್ಲೇ ಬಿಚ್ಚಿಸಿ ಡಬ್ಬಿಗೆ ಹಾಕುತ್ತೇವೆ, ಸಂಜೆ ಅವರ ಕೈಗೇ ಕೊಡುತ್ತೇವೆ. ಮಕ್ಕಳದ್ದು ಮಾತ್ರ ಅಲ್ಲ, ನಮ್ಮದೂ ಇದೆ. ನಮ್ಮ ಬಳೆಗೆ, ತಾಳಿ ಸರಕ್ಕೆ ಪಿನ್ನು ಸಿಕ್ಕಿಸಿಕೊಳ್ಳುವ ಅಭ್ಯಾಸ ನಮಗೆಲ್ಲ ಇದೆಯಲ್ಲ. ಮಗುವನ್ನು ಎದೆಗವಚಿಕೊಂಡಾಗ ಆ ಪಿನ್ನು ಇರುವುದು ಸರಿಯಾಗಿ ಅದರ ಕಣ್ಣಿನ ಎತ್ತರಕ್ಕೆ. ಬಾಗಿಲ ಹತ್ತಿರ ಒಂದು ಮೊಳೆಗೆ ಬಟ್ಟೆ ಚೂರು ತೂಗುಹಾಕಿದ್ದೇವೆ. ಒಳಗೆ ಬರುವಾಗ ಎಲ್ಲರೂ ಪಿನ್ನುಗಳನ್ನು ಅದಕ್ಕೆ ಚುಚ್ಚಿ ಬರುತ್ತಾರೆ.

ನೀರಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನಿಮಗೇ ಗೊತ್ತು. ಸಂಪಿನ ಮುಚ್ಚಳಕ್ಕೆ ಬೀಗ, ಬಕೆಟ್ ಕೆಲಸ ಮುಗಿದ ಕೂಡಲೇ ಬೋರಲು. ಅಂಬೆಗಾಲಿಡುವ ಮಗು ಅಂಗೈ ಆಳದ ನೀರಿನಲ್ಲೂ ಮುಳುಗಬಹುದು. ಸೀರೆ ಜೋಲಿಯಲ್ಲಿ ಮಗುವನ್ನು ಬಿಟ್ಟು ಕೋಣೆಯಿಂದ ಆಚೆ ಹೋಗಬೇಡಿ. ಮಲಗಿಸುವಾಗ ಅಂಗಾತ ಮಲಗಿಸಿ, ದಿಂಬು ಬೇಡ.

ಈಗ ಕೈಗಳ ಲೆಕ್ಕಕ್ಕೆ ಬರುತ್ತೇನೆ. ಕೇಂದ್ರ ಸರ್ಕಾರ 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು ಪಾಲಕಿ ಮತ್ತು ಒಬ್ಬರು ಸಹಾಯಕಿ, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ಪಾಲಕಿ ಮತ್ತು ಒಬ್ಬರು ಸಹಾಯಕಿ ಎಂದು ಅದರಲ್ಲಿದೆ. ಅದಕ್ಕೂ ಹಿಂದಿನ ವರ್ಷವೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ಬಂದು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಕ್ರೆಶ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಬಂದು ಮಗುವನ್ನು ನೋಡಬಹುದು ಎಂದಾಗಿತ್ತು. ಒಳ್ಳೆಯದೇ. ಆದರೆ ಈ ಲೆಕ್ಕವನ್ನು ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ ನೋಡಬೇಡಿ. ಮಧ್ಯಾಹ್ನ ಒಂದೂವರೆಗೆ ನೋಡಿ. ಮಕ್ಕಳಿಗೆ ಊಟ ಆಗಿರುತ್ತದೆ. ಒಬ್ಬರು ಪಾತ್ರೆ ತೊಳೆಯುತ್ತಿರುತ್ತಾರೆ. ಒಬ್ಬರು ಊಟಕ್ಕೆ ಕೂತಿರುತ್ತಾರೆ. ಒಬ್ಬರು ಬಾತ್‌ರೂಮಿನಲ್ಲಿ ಮಗು ತೊಳೆಯುತ್ತಿರುತ್ತಾರೆ. ಹಾಜರಿಯಲ್ಲಿ ನಾಲ್ಕು ಜನ, ಮಕ್ಕಳ ಮುಂದೆ ಒಬ್ಬರು. ಆ ಒಬ್ಬರಿಗೂ ತೂಕಡಿಕೆ. ನಮ್ಮ ಪುಸ್ತಕ ತುಂಬತೊಡಗಿದ ಮೇಲೆ ತಿರುವಿ ನೋಡಿದೆ. ಅರ್ಧಕ್ಕಿಂತ ಜಾಸ್ತಿ ಪೆಟ್ಟುಗಳು ಒಂದರಿಂದ ಎರಡೂವರೆ ಒಳಗೆ ಆಗಿದ್ದವು. ಹಾಗಾಗಿ ಪಾತ್ರೆ ತೊಳೆಯುವುದನ್ನು ಮೂರು ಗಂಟೆಗೆ ತಳ್ಳಿದೆ. ಒಂದು ರೂಪಾಯಿ ಖರ್ಚಿಲ್ಲ. ಇದನ್ನು ಹೇಳಿಕೊಟ್ಟದ್ದು ನಮ್ಮ ಪಾತ್ರೆ ತೊಳೆಯುವ ಅಕ್ಕನೇ.

ಬೆಂಕಿ ಬಿದ್ದರೆ ಏನು ಮಾಡುವುದು ಎಂದೂ ಹೀಗೇ ಕೈಗಳ ಲೆಕ್ಕ ಹಾಕಿ ನೋಡಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಯ ಅಡುಗೆಮನೆಯಿಂದ ಎದ್ದ ಬೆಂಕಿ ಹುಲ್ಲಿನ ಮಾಡಿಗೆ ಹತ್ತಿ 94 ಮಕ್ಕಳು ಸತ್ತರು. ಅವರು ಓಡಬಲ್ಲ ವಯಸ್ಸಿನ ಮಕ್ಕಳು. ನಮ್ಮ ಕೂಸುಗಳಿಗೆ ನಡೆಯಲೂ ಬರುವುದಿಲ್ಲ. ಒಬ್ಬ ಹೆಂಗಸು ಎರಡು ಕೂಸುಗಳನ್ನು ಎತ್ತಿಕೊಂಡು ಓಡಬಹುದು. ಹತ್ತು ಕೂಸು, ಇಬ್ಬರು ಹೆಂಗಸರು ಎಂದರೆ ಮೂರು ಸಲ ಹೊಗೆಯೊಳಗೆ ಹೋಗಿ ಬರಬೇಕು. ನಾವು ಮೊದಲ ಸಲ ಅಭ್ಯಾಸ ಮಾಡಿದಾಗ ಎಲ್ಲರೂ ಗೇಟಿನಾಚೆ ಬರಲು ಏಳು ನಿಮಿಷ ಹಿಡಿಯಿತು. ಆಮೇಲೆ ಗಾಲಿ ಇರುವ ಒಂದು ಕಬ್ಬಿಣದ ತೊಟ್ಟಿಲು ಮಾಡಿಸಿದೆವು, ಐದು ಕೂಸು ಒಟ್ಟಿಗೆ ಹಿಡಿಯುತ್ತದೆ. ಕೂಸುಗಳ ಕೋಣೆಯನ್ನು ಬಾಗಿಲ ಪಕ್ಕಕ್ಕೆ ತಂದೆವು. ಈಗ ಎರಡು ನಿಮಿಷ. ನೆಲಮಹಡಿಯಲ್ಲೇ ಕೇಂದ್ರ ಇರಲಿ ಎಂದು ಹೇಳುವುದು ಸುಮ್ನೆ ಅಲ್ಲ. ಗಾಲಿ ತೊಟ್ಟಿಲು ಮೆಟ್ಟಿಲು ಇಳಿಯುವುದಿಲ್ಲ.

ಔಷಧದ ಮಾತು. ಜ್ವರದ ಸಿರಪ್ ತಂದು ಬ್ಯಾಗಿಗೆ ಹಾಕಿ, ‘ಬಿಸಿ ಆದರೆ ಸ್ವಲ್ಪ ಕುಡಿಸಿಬಿಡಿ’ ಎಂದು ಹೇಳಿ ಹೋಗುತ್ತಾರೆ. ಪ್ಯಾರಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ಔಷಧ ಇರುತ್ತದೆ. ಸಿರಪ್ ಆದರೆ 5 ಮಿ.ಲೀ.ನಲ್ಲಿ 125, ಕೆಲವದರಲ್ಲಿ 250. 125ರ ಸಿರಪ್‌ನ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋಗಿಬಿಡುತ್ತದೆ. ಡಾಕ್ಟರ ಚೀಟಿ, ಎಷ್ಟು ಮಿ.ಲೀ., ಎಷ್ಟು ಗಂಟೆಗೆ, ತಾಯಿಯ ಸಹಿ, ಇಷ್ಟೂ ಇಲ್ಲದೆ ನಾವು ಬಾಟಲಿ ಮುಟ್ಟುವುದಿಲ್ಲ. ತಾಯಂದಿರಿಗೆ ಮೊದಲು ಸಿಟ್ಟು ಬರುತ್ತಿತ್ತು. ಆ ಸಿಟ್ಟನ್ನು ಎದುರಿಸುವುದು ನಡೆಸುವವರ ಕೆಲಸ, ಆಯಾಗಳದ್ದಲ್ಲ.

ಇನ್ನೊಂದು ಮಾತನ್ನು ಬಾಯಿ ಬಿಟ್ಟು ಹೇಳಲೇಬೇಕು. ಮಗುವಿನ ಮೈಮೇಲೆ ಯಾರಾದರೂ ಕೈ ಹಾಕಿದ್ದಾರೆ ಎಂಬ ಅನುಮಾನ ಬಂದರೆ, 2012ರ ಪೋಕ್ಸೋ ಕಾಯ್ದೆ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಕಾನೂನು) ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. 1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇದೆ. ‘ಕೇಂದ್ರದ ಹೆಸರು ಹಾಳಾಗುತ್ತದೆ, ನಾವೇ ವಿಚಾರಿಸಿ ನೋಡೋಣ’ ಎನ್ನುವ ಮಾತಿಗೆ ಅಲ್ಲಿ ಜಾಗ ಇಲ್ಲ. ಬಟ್ಟೆ ಬದಲಿಸುವ ಜಾಗ ಇನ್ನೊಬ್ಬರ ಕಣ್ಣಿಗೆ ಕಾಣುವಂತಿರಲಿ. ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲು ಪೊಲೀಸ್ ವೆರಿಫಿಕೇಶನ್ ಆಗಲಿ, ಡ್ರೈವರ್‌ಗೂ ಸೇರಿ. ಇಂಥ ಕಟ್ಟುಪಾಡು ಮಗುವನ್ನು ಕಾಯುತ್ತದೆ. ಪ್ರಾಮಾಣಿಕವಾಗಿ ದುಡಿಯುವ ಆಯಾಳನ್ನೂ ಸುಳ್ಳು ಅಪವಾದದಿಂದ ಕಾಯುತ್ತದೆ. ಕ್ಯಾಮೆರಾ ಹಾಕಿಸಿ ಎಂದು ತಾಯಂದಿರು ಕೇಳುತ್ತಾರೆ. ಹಾಕಿಸಿದ್ದೇನೆ. ಆದರೆ ಕ್ಯಾಮೆರಾ ಮಗುವನ್ನು ಬಕೆಟ್‌ನಿಂದ ಎತ್ತುವುದಿಲ್ಲ. ಆ ದುಡ್ಡಿನಲ್ಲಿ ಇನ್ನೊಬ್ಬ ಸಹಾಯಕಿಯನ್ನು ಇಡುವುದೋ, ಕ್ಯಾಮೆರಾ ಹಾಕಿಸುವುದೋ ಎಂಬ ಪ್ರಶ್ನೆ ಬಂದರೆ ನಾನು ಸಹಾಯಕಿಯನ್ನೇ ಇಡುತ್ತೇನೆ.

ಆ ಸಹಾಯಕಿಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಲು ಬಿಡಿ. ನಾನು ಆಯಾ ಆಗಿದ್ದಾಗ ರಜೆ ಹಾಕಿದರೆ ಕೂಲಿ ಕಟ್ ಆಗುತ್ತಿತ್ತು. ಜ್ವರ ಇದ್ದರೂ ಮಾತ್ರೆ ನುಂಗಿ ಬರುತ್ತಿದ್ದೆ. ಆ ಕೈಯಲ್ಲೇ ಹಾಲು ಕುಡಿಸುತ್ತಿದ್ದೆ. ಒಂದು ವಾರದಲ್ಲಿ ಕೋಣೆ ತುಂಬ ಮಕ್ಕಳಿಗೆ ಜ್ವರ. ಆಯಾಗೆ ಕಾಯಿಲೆ ರಜೆಯಲ್ಲಿ ಸಂಬಳ ಕೊಡುವುದು ದಾನವಲ್ಲ, ಅದು ಮಕ್ಕಳ ಆರೋಗ್ಯಕ್ಕೆ ಮಾಡುವ ಖರ್ಚು. ಹತ್ತು ಹನ್ನೆರಡು ಕಿಲೋ ಮಗುವನ್ನು ದಿನಕ್ಕೆ ಎಷ್ಟು ಸಲ ಬಗ್ಗಿ ಎತ್ತುತ್ತೀರಿ, ಎಣಿಸಿದ್ದೀರಾ? ಸೊಂಟ ಹಿಡಿದ ಹೆಂಗಸು ಮಗು ಓಡಿದರೆ ಹಿಂದೆ ಓಡಲಾರಳು. ಹಾಗಾಗಿ ಬಟ್ಟೆ ಬದಲಿಸಲು ಸೊಂಟದೆತ್ತರದ ಮೇಜು, ಕೂರಲು ಬೆನ್ನಿಗೆ ಆಸರೆ ಇರುವ ಕುರ್ಚಿ, ದೊಡ್ಡವರಿಗೆ ಬೇರೆ ಶೌಚಾಲಯ. ಊಟಕ್ಕೆ ಅರ್ಧ ಗಂಟೆ, ಮಕ್ಕಳಿಲ್ಲದ ಕೋಣೆಯಲ್ಲಿ. ಇಎಸ್‌ಐ, ಅಂದರೆ ನೌಕರರ ವಿಮೆಯ ಸೌಲಭ್ಯ, ಸಾಮಾನ್ಯವಾಗಿ ಹತ್ತು ಜನ ಇರುವ ಕಡೆಗೆ. ನನ್ನಂಥ ಏಳು ಜನರ ಕೇಂದ್ರಕ್ಕೆ ಅದು ಬರುವುದಿಲ್ಲ. ಅದಕ್ಕೆ ನಾವು ಪ್ರತಿ ತಿಂಗಳು ಫೀಸಿನಲ್ಲಿ ಒಂದಿಷ್ಟು ತೆಗೆದು ಕೆಲಸದವರ ಆಸ್ಪತ್ರೆ ಖರ್ಚಿಗೆ ಬೇರೆ ಖಾತೆಯಲ್ಲಿ ಇಡುತ್ತೇವೆ. ಫೀಸ್ ಯಾಕೆ ಹೆಚ್ಚು ಎಂದು ಕೇಳಿದ ತಾಯಂದಿರಿಗೆ ಇದನ್ನೇ ಹೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ.

ಅಂಗನವಾಡಿಯ ಅಕ್ಕಂದಿರೇ, ನಿಮ್ಮ ಪಾಡು ಬೇರೆ. ನಿಮಗೆ ಸಿಗುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆಯಲ್ಲ ಎಂದಿತು. 2017ರ ಮಾರ್ಚ್‌ನಲ್ಲಿ ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ರಸ್ತೆಯಲ್ಲಿ ಸಾವಿರಾರು ಹೆಂಗಸರು ಹಗಲು ರಾತ್ರಿ ಕೂತದ್ದು ನಿಮಗೆ ನೆನಪಿರಬಹುದು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣದಲ್ಲಿ ಅದೇ ಕೋರ್ಟ್, ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಸಿಗುವ ಇಡುಗಂಟಿಗೆ, ಅರ್ಹರು ಎಂದಿತು. 16 ವರ್ಷ ಹಿಡಿಯಿತು ಅಷ್ಟು ದೂರ ಬರಲು. ಇದನ್ನು ಸುರಕ್ಷತೆಯ ಸಭೆಯಲ್ಲಿ ಯಾಕೆ ಹೇಳುತ್ತೀರಿ ಎಂದು ಒಬ್ಬರು ಆಗಲೇ ಕೇಳಿದರು. ಹೇಳುತ್ತೇನೆ. ಹಾಜರಿ, ತೂಕ, ಎತ್ತರ ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕಬೇಕು, ಮೇಲೆ ಸರ್ವೆ, ಚುನಾವಣೆ ಕೆಲಸ. ಫೋನಿನಲ್ಲಿ ನೆಟ್‌ವರ್ಕ್ ಹುಡುಕುತ್ತಾ ಹೊರಗೆ ನಿಂತ ಹೆಂಗಸಿನ ಬೆನ್ನ ಹಿಂದೆ 20 ಮಕ್ಕಳಿರುತ್ತಾರೆ. ಅಲ್ಲಿ ಮಗು ಬಿದ್ದರೆ ಪತ್ರಿಕೆಯಲ್ಲಿ ‘ಕಾರ್ಯಕರ್ತೆಯ ನಿರ್ಲಕ್ಷ್ಯ’ ಎಂದು ಬರುತ್ತದೆ. ಅವಳ ತಲೆ ಮೇಲೆ ಅಷ್ಟು ಕೆಲಸ ಹೇರಿದವರ ಹೆಸರು ಬರುವುದಿಲ್ಲ. ನನಗೆ ಇದು ಅನ್ಯಾಯ ಅನಿಸುತ್ತದೆ. ಮೇಲ್ವಿಚಾರಕಿಯರು ಇಲ್ಲಿ ಕೂತಿದ್ದೀರಿ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಆ್ಯಪ್ ಕೆಲಸವನ್ನು ಮಕ್ಕಳು ಮನೆಗೆ ಹೋದ ಮೇಲೆ ಮಾಡಲು ಬಿಡಿ. ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಮಾಡಿ ‘ಇನ್ನೂ ಎಂಟ್ರಿ ಆಗಿಲ್ಲ’ ಎನ್ನಬೇಡಿ.

ಕೂಸಿನ ಮನೆಯವರಿಗೆ ಕೊನೆಯದಾಗಿ ಒಂದು ಮಾತು. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂದು ಹೇಳಿದಾಗ ನನಗೆ ತುಂಬಾ ಸಂತೋಷವಾಗಿತ್ತು. 1969ರಲ್ಲಿ ಮೀರಾ ಮಹಾದೇವನ್ ಅವರು ದೆಹಲಿಯಲ್ಲಿ ಕಟ್ಟಡ ಕೆಲಸದ ಜಾಗದಲ್ಲಿ ಮಣ್ಣಿನಲ್ಲಿ ಬಿದ್ದಿದ್ದ ಕೂಸುಗಳನ್ನು ನೋಡಿ ಮೊಬೈಲ್ ಕ್ರೆಷಸ್ ಶುರು ಮಾಡಿದರು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ನಮ್ಮ ಹಳ್ಳಿಯ ತಾಯಂದಿರ ಕೂಸುಗಳೂ ಹಾಗೇ ಮರದ ನೆರಳಿನಲ್ಲಿ ಮಲಗಿದ್ದವು. ಈಗ ಅವಕ್ಕೊಂದು ಸೂರು ಸಿಕ್ಕಿತು. ಆದರೆ ನೋಡಿಕೊಳ್ಳುವವರು ಆಗಾಗ ಬದಲಾದರೆ ಕೂಸಿಗೂ ಕಷ್ಟ, ನಿಮಗೂ ಕಷ್ಟ. ಇವತ್ತು ಕೆಲಸ ಬಿಟ್ಟು ಹೋಗುವವರು ನಾಳೆ ಬರುವವರ ಜೊತೆ ಎರಡು ದಿನವಾದರೂ ಒಟ್ಟಿಗೆ ಇರಿ. ಯಾವ ಕೂಸಿಗೆ ಯಾವುದು ಆಗುವುದಿಲ್ಲ, ಯಾರು ಬಂದರೆ ಮಗುವನ್ನು ಕಳಿಸಬಾರದು, ಇವು ಯಾವ ಫಾರ್ಮಿನಲ್ಲೂ ಪೂರ್ತಿ ಹಿಡಿಯುವುದಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಕೂಸಿನ ಮನೆಯ ಕೇರ್‌ಟೇಕರ್. “ಅಕ್ಕಾ, ನೀವು ಹೇಳಿದ ಹಾಗೆ ನಾನು ಪುಸ್ತಕದಲ್ಲಿ ಬರೆದರೆ ನನ್ನನ್ನು ತೆಗೆದುಹಾಕುವುದಿಲ್ಲ ಅಂತ ಏನು ಗ್ಯಾರಂಟಿ?” ಎಂದು ಕೇಳಿದಳು.

ಅವಳಿಗೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ತಂಗಿ, ಹೊಸ ಪುಸ್ತಕ ಕೊಂಡ ದಿನವೇ ಅದನ್ನು ನಿಮ್ಮ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ತಗೊಂಡು ಹೋಗು. ಮೊದಲ ಪುಟದಲ್ಲಿ ಅವರ ಕೈಯಲ್ಲೇ ಬರೆಸು. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ನನ್ನ ಕೈಬರಹದಲ್ಲಿ ಇರುವುದು ಇಷ್ಟೇ: “ಆದದ್ದನ್ನು ಅದೇ ದಿನ ಇದರಲ್ಲಿ ಬರೆದವರನ್ನು, ಬರೆದದ್ದಕ್ಕಾಗಿ ಕೆಲಸದಿಂದ ತೆಗೆಯುವುದಿಲ್ಲ. ಮಗುವಿಗೆ ಹೊಡೆದರೆ, ಹಿಂಸೆ ಕೊಟ್ಟರೆ ಈ ಮಾತು ಅನ್ವಯಿಸುವುದಿಲ್ಲ.” ಕೆಳಗೆ ನನ್ನ ಸಹಿ, ತಾರೀಖು. ಅವರು ಬರೆದುಕೊಡಲು ಒಪ್ಪದಿದ್ದರೆ ನಾಲ್ಕು ಜನ ಒಟ್ಟಿಗೆ ಹೋಗಿ ಇನ್ನೊಂದು ಸಲ ಕೇಳಿ. ಪುಸ್ತಕವನ್ನು ಬೀರುವಿನಲ್ಲಿ ಇಡಬೇಡ. ಅಡುಗೆಮನೆ ಬಾಗಿಲ ಹತ್ತಿರ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಪೆನ್ನನ್ನು ದಾರದಿಂದ ಕಟ್ಟಿ ತೂಗುಹಾಕು.